ಒಬ್ಬಳಿಗಂತೆ

ಮಾರ್ಚ್ ೪
ಮತ್ತೆ ಸಿಗ್ಮಾ ಆಲ್ಜೀಬ್ರಾ. ಮಕ್ಕಳ ಮುಖ ನೋಡಿದ್ರೆ ಪಾಪ ಅನ್ನಿಸ್ತು. ಎರಡು ನಾಣ್ಯ ಚಿಮ್ಮಿದೆ. ಒಟ್ಟು ನಾಲ್ಕು ಫಲ, ಅಷ್ಟೇ ನಮ್ಮ ಪ್ರಪಂಚ. ಅದರಲ್ಲಿ ನಮಗೆ ಗೊತ್ತಿರೋದ್ರಿಂದ ಯಾವ ಪ್ರಶ್ನೆಗಳಿಗೆ ಉತ್ತರ ಸಿಗತ್ತೋ ಆ ಪ್ರಶ್ನೆಗಳ ಕಟ್ಟು ಸಿಗ್ಮಾ ಆಲ್ಜೀಬ್ರಾ ಅಂದೆ. ಒಂದೇ ಹೆಡ್ ಬಿದ್ದಿದೆ ಅಂತ ಮಾತ್ರ ಗೊತ್ತಿರೋನಿಗೆ ಯಾವ ನಾಣ್ಯ ಅಂತ ಗೊತ್ತಿಲ್ಲ, ಅವನ ಕಟ್ಟು ಚಿಕ್ಕದು. ಹಿಂದಿನ ಬೆಂಚಿನವಳು — "ಅರ್ಧಂಬರ್ಧ ತಿಳ್ಕೊಂಡ್ರೂ ಪಾಸಾ, ಮೇಡಂ?" ಎಲ್ಲರೂ ನಕ್ಕರು. ನಾನೂ.

ಸಂಜೆ ಅಮ್ಮ, ತಂಗಿ ಪುಟ್ಟಿ, ನಾನು ಆಸ್ಪತ್ರೆಗೆ. ಅಪ್ಪನ್ನ ತಿಂದ ಕಾಯಿಲೆ ನಮ್ಮಿಬ್ಬರ ರಕ್ತದಲ್ಲೂ ಇದೆಯಾ ಅಂತ ಟೆಸ್ಟು. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ. ಮದ್ದಿಲ್ಲ. ಪುಟ್ಟಿ ಮದುವೆಯಾಗಿ ಇಷ್ಟು ವರ್ಷ ಮಗು ಬೇಡ ಅಂತಿರೋದು ಇದಕ್ಕೇ. ಅಮ್ಮನ ಕಣ್ಣೀರಿಗೆ ಸೋತು ರಕ್ತ ಕೊಟ್ಟಳು. "ನಂದು ನಂಗೆ ಹೇಳಲೇಬೇಡಿ ಡಾಕ್ಟ್ರೇ. ಅಕ್ಕಂಗೂ ಬೇಡ."

ತನಗೆ ಗೊತ್ತಾಗಲೇಬೇಕು ಅಂತ ಅಮ್ಮ ಪಟ್ಟು ಬಿಡಲಿಲ್ಲ. ದಾರಿ ಹುಡುಕಿದ್ದು ನಾನೇ. ನಂದು ನಂಗೆ. ಅಮ್ಮಂಗೆ, ಎಷ್ಟು ಜನಕ್ಕೆ ಇದೆ ಅನ್ನೋದು ಮಾತ್ರ, ಹೆಸರಿಲ್ಲ. ಪುಟ್ಟಿ ಒಪ್ಪಿದಳು. "ನೀನು ಲೆಕ್ಕದ ಟೀಚರ್ರು. ನಂಬ್ತೀನಿ."

ಮಾರ್ಚ್ ೨೬
ನಂಗಿಲ್ಲ. ಡಾಕ್ಟರ ರೂಮಿಂದ ಹೊರಗೆ ಬಂದು ಗೋಡೆ ಹಿಡ್ಕೊಂಡು ಅತ್ತೆ. ಖುಷಿಗೆ. ನನ್ನ ನಂತರ ಒಳಗೆ ಹೋದ ಅಮ್ಮ ಬಂದಳು, ಬಾಯಿ ತಡೀಲಿಲ್ಲ. "ಒಬ್ಬಳಿಗಂತೆ ಕಣೇ."

ಅಮ್ಮಂಗೆ ಗೊತ್ತಿರೋ ಅರ್ಧ, ನಂಗೆ ಗೊತ್ತಿರೋ ಅರ್ಧ, ಎರಡೂ ಸೇರಿದ್ರೆ ಪೂರ್ತಿ... ಪುಟ್ಟಿಗೆ. ಕ್ಲಾಸಲ್ಲಿ ಮುಂದಿನ ಪಾಠವೇ ಅದು. ದಾರಿ ಹುಡುಕುವಾಗ ನನ್ನ ಮಣ್ಣು ತಲೆಗೆ ಹೊಳೀಲಿಲ್ಲ.

"ನಿಂಗಾ?" ಅಂದಳು. ಇಲ್ಲ ಅಂದ್ರೆ ಅಮ್ಮಂಗೂ ಗೊತ್ತಾಗತ್ತೆ. ಪುಟ್ಟಿ ಮುಖ ನೋಡಿದಾಗೆಲ್ಲ ಅಳ್ತಾಳೆ. ಆಮೇಲೆ ಪುಟ್ಟಿಗೆ ಯಾರೂ ಹೇಳೋದೇ ಬೇಡ, ಗೊತ್ತಾಗಿಬಿಡತ್ತೆ.

"ಹೂಂ ಅಮ್ಮ. ನಂಗೇ."

ಮಾರ್ಚ್ ೨೭
ಅಮ್ಮ ಊಟ ಬಿಟ್ಟಿದ್ದಾಳೆ. ನನ್ನ ಟೀ ಲೋಟ ತಾನೇ ಹಿಡ್ಕೋತಾಳೆ, ಅಪ್ಪನ ಹಾಗೆ ನನ್ನ ಕೈ ನಡುಗಿದ್ರೆ ಅಂತ.

ಏಪ್ರಿಲ್ ೧೯
ಪುಟ್ಟಿ ಬಂದಿದ್ದಾಳೆ. ಅಮ್ಮ ಎಲ್ಲಾ ಹೇಳಿಬಿಟ್ಟಿದ್ದಾಳೆ — ಒಬ್ಬಳಿಗೆ, ಅದು ಅಕ್ಕಂಗೆ. ತಬ್ಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಾನಿದೀನಿ ಅಕ್ಕ. ಕೊನೇವರೆಗೂ ನೋಡ್ಕೋತೀನಿ." ಕಣ್ಣೊರೆಸ್ಕೊಂಡು, ತಪ್ಪು ಮಾಡಿದವಳ ಹಾಗೆ, "ನಾವು... ಮಗು ಮಾಡ್ಕೊಳೋಣ ಅಂತಿದೀವಿ. ನಿಂಗೆ ಬೇಜಾರಾ?"

ಇಲ್ಲ ಅಂದೆ. ಇನ್ನೇನು ಅನ್ನಲಿ. ಆ ಮಗುಗೂ ಅರ್ಧಕ್ಕರ್ಧ.

ಅಡುಗೆಮನೇಲಿ ಅಮ್ಮನ ಜೊತೆ ನಗ್ತಿದ್ದಾಳೆ. ಹೆಸರು ಹುಡುಕ್ತಿದ್ದಾರೆ. ಅವಳು ಹೀಗೆ ನಕ್ಕು ಯಾವ ಕಾಲ ಆಯ್ತೋ. ಕರೆದೆ. "ಬಂದೆ ಅಕ್ಕ" ಅಂದಳು. ಕೂರಿಸ್ಕೊಂಡು, ನಂಗಿಲ್ಲ ಪುಟ್ಟಿ, ಅಷ್ಟು ಅಂದ್ರೆ ಸಾಕು. ಉಳಿದ ಲೆಕ್ಕ ಅವಳೇ —