ನಮ್ಮ ಮನೆಯ ಮಾತು

ಸಾಸ್ವೆಹಳ್ಳಿ
24 ನವೆಂಬರ್ 2025, ಸೋಮವಾರ

ಮೊಮ್ಮಗ ಸುದೀಪನಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಫೋನ್ ಆಫ್ ಮಾಡಿಕೊಂಡು ಜಗಳೂರಿನ ಮಾವನ ಮನೆಯಲ್ಲಿ ಅಡಗಿ ಕೂತರೆ ಆಡಿದ ಮಾತು ಅಳಿಸಿಹೋಗುತ್ತದೇನೋ ಮುಠ್ಠಾಳ? ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳ ಕೈಗೆ ಪೆನ್ನು ಹಿಡಿಸಿದೆಯಲ್ಲ.

ಪಕ್ಕದ ಮನೆಯ ಪುಷ್ಪಾಳ ಕಿಡ್ನಿ ಆಪರೇಷನ್ನಿಗೆ ದುಡ್ಡು ಕೂಡಿಸುತ್ತೇನೆಂದು ಫೋನಿನಲ್ಲಿ ಆಟ ಆಡುತ್ತಾ ಲೈವ್ ಬಿಟ್ಟೆ. ಒಳ್ಳೆಯ ಕೆಲಸವೇ. ನೋಡುವವರಿಗೆ ನಂಬಿಕೆ ಬರಲೆಂದು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಪಾಪದ್ದು, ಮದುವೆ ಸೀರೆ ಉಟ್ಟು ಬಂದಿತ್ತು. ಸಾವಿರ ಜನ ಕೇಳುತ್ತಾರೆ, ಬಾಯಿ ಬಿಗಿಹಿಡಿ ಎಂದು ನಾನು ಹೇಳಿರಲಿಲ್ಲವೇ? ಅವಳ ಮೊಣಕೈ ತಗುಲಿ ನೀನು ಆಟದಲ್ಲಿ ಸತ್ತೆ. ತಿರುಗಿ ಅವಳಿಗೆ "ಥೂ, ನಿನ್ ಹೆಣ ಎತ್ಲಿ" ಅಂದುಬಿಟ್ಟೆ. ನೋಡುತ್ತಿದ್ದವರು ಉಗಿದು ಬರೆಯತೊಡಗಿದರು. ತಪ್ಪಾಯಿತು ಅನ್ನುವುದನ್ನು ಬಿಟ್ಟು ಲೈವ್ ನಿಲ್ಲಿಸಿ ಬಸ್ಸು ಹತ್ತಿದೆ.

ಅವಳು ಆಗ ನಕ್ಕಿದ್ದಳು. ಈಗ ಬಂದ ದುಡ್ಡನ್ನೆಲ್ಲ ಕೊಟ್ಟವರಿಗೇ ವಾಪಸ್ ಕಳಿಸಿ ಅನ್ನುತ್ತಿದ್ದಾಳೆ. ಡಯಾಲಿಸಿಸ್ಸಿಗೆ ಹೊನ್ನಾಳಿಗೆ ಹೋಗುವುದು ಎರಡು ಸಲ ತಪ್ಪಿತು. ಗಂಡ ಕಲ್ಲೇಶ ಬೈಕು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಾನೆ, ಇವಳು ಹೊಸ್ತಿಲು ದಾಟುವುದಿಲ್ಲ. ಬಾಯಿ ತುಂಬ ಅಕ್ಕ ಅನ್ನುತ್ತಿದ್ದವನೇ ಹೆಣ ಅಂದ ಮೇಲೆ ಸೂಜಿ ಯಾಕೆ ಚುಚ್ಚಿಸಿಕೊಳ್ಳಲಿ ಅಂದಳಂತೆ. ಮುಖ ಊದಿದೆ, ಕಾಲು ಕುಂಬಳಕಾಯಿಯಾಗಿದೆ. ಅವಳು ಉಳಿಯುತ್ತಾಳೆ ಎಂದು ನನಗಂತೂ ಅನ್ನಿಸುತ್ತಿಲ್ಲ.

ನಿನ್ನ ಅಜ್ಜಿ,
ಸಾವಂತ್ರಮ್ಮ

ತಾ.ಕ.: ಒಂದನ್ನು ಮುಚ್ಚಿಟ್ಟೆ. ಲೈವ್ ಆದ ಮಾರನೇ ದಿನ ಪುಷ್ಪಾ ಬಂದು ನನ್ನ ಒಲೆ ಮುಂದೆ ಕೂತಳು. "ಅಜ್ಜಿ, ಅದು ನಿಮ್ಮನೆ ಮಾತು ಅಲ್ವಾ? ಪ್ರೀತಿಗೆ ಅಂತೀರಲ್ಲ ನೀವು" ಎಂದು ಕೇಳಿದಳು. ಹೌದು ಅನ್ನಿಸಿಕೊಳ್ಳಲೆಂದೇ ಬಂದಿದ್ದಳು. ದಿನಾ ರೊಟ್ಟಿ ಬಡಿಸುವಾಗ ನಿನಗೆ ನಾನು ಅನ್ನುವ ಮಾತೇ ಅದು. ಆದರೆ ಅಷ್ಟು ಹೊತ್ತಿಗೆ ಕೇರಿಯೆಲ್ಲ ನನ್ನ ಬಾಯಿಯನ್ನೇ ಆಡಿಕೊಳ್ಳುತ್ತಿತ್ತು. "ನಮ್ಮನೇಲಿ ಅಂಥ ಮಾತು ಇಲ್ಲ ಕಣಮ್ಮ, ಅವ್ನೇ ಎಲ್ಲೋ ಕಲ್ತಾನೆ" ಅಂದುಬಿಟ್ಟೆ. ಟೀ ಮುಟ್ಟದೆ ಎದ್ದು ಹೋದಳು.

ನಿನ್ನೆ ನಿಜ ಹೇಳಲು ಹೋದೆ. "ಸಮಾಧಾನ ಮಾಡಾಕೆ ಸುಳ್ಳು ಹೇಳ್ಬ್ಯಾಡ್ರಿ ಅಜ್ಜಿ" ಎಂದು ಮಲಗಿದ್ದಲ್ಲೇ ಗೋಡೆ ಕಡೆ ಮಗ್ಗುಲಾದಳು.

ಬಂದು ನೀನೇ ಹೇಳು. ಇಲ್ಲವೇ ಮತ್ತೆ ಲೈವ್ ಬಿಟ್ಟು, ಆ ಸಾವಿರ ಜನರ ಮುಂದೆಯೇ ನನ್ನ ಹೆಸರು ಹಿಡಿದು ಹೇಳು, ಅಜ್ಜಿಯಿಂದ ಕಲಿತದ್ದು ಎಂದು. ನನ್ನ ಮರ್ಯಾದೆ ಹೋದರೆ ಹೋಗಲಿ. ಆಶೀರ್ವಾದ ನಿನ್ನ ಉತ್ತರ ಬಂದ ಮೇಲೆ. ಡಿಸೆಂಬರ್ ಹುಟ್ಟುವುದರೊಳಗೆ ಬರಬೇಕು.