ಟೇಬಲ್ ಇದ್ದಾರಾ?

ಮಂಗಳವಾರ, ಮಾರ್ಚ್ ೪
ಮಧ್ಯಾಹ್ನ, ನನ್ನ ಟೇಬಲ್ಲಿನಿಂದ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ, ಕೆಮ್ಮು ಪೂರ್ತಿ ಹೋಗಿದೆ. ನಿನ್ನ ಮೆಸೇಜಿಗೆ ಉತ್ತರ ಕೊಡುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. "ಆಯ್ತು" ಎಂಬ ಒಂದು ಮಾತು ಸಾಕಿತ್ತು. ಅದನ್ನು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ, ಅಷ್ಟರಲ್ಲಿ ಗಿರಾಕಿ ಬಂದರೆಂದು ಫೋನನ್ನು ಡ್ರಾಯರಿಗೆ ಹಾಕಿದೆ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ" ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ.

ಮೊದಲು ನಿನ್ನ ವಿಷಯ. "ರಿಜಿಸ್ಟರ್ ಆಫೀಸಲ್ಲಿ ಸಹಿ ಹಾಕಿ ಮುಗಿಸ್ತೀವಿ, ಯಾರನ್ನೂ ಕರೀತಿಲ್ಲ, ನೀನು ಅಷ್ಟು ದೂರದಿಂದ ರಜೆ ಹಾಕ್ಕೊಂಡು ಬರೋದು ಬೇಡ, ಆಮೇಲೆ ನಾವೇ ಬಂದು ನೋಡ್ತೀವಿ" ಎಂದು ಬರೆದಿದ್ದೀಯ. ಆಯ್ತು. ಬಂದೇ ಬರುತ್ತೇನೆಂದು ಹಟ ಹಿಡಿದು ಕೂರುವ ತಾಯಿ ನಾನಲ್ಲ, ಅದು ನಿನಗೂ ಗೊತ್ತು. ಮಗಳ ಮದುವೆ ನೋಡುವ ಆಸೆಯೇ ಇರಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. ಹೊಸ ಚಪ್ಪಲಿ ಕೂಡ ತೆಗೆದಿಟ್ಟಿದ್ದೆ. ಇರಲಿ, ಚಪ್ಪಲಿ ಎಲ್ಲಿಗೆ ಬೇಕಾದರೂ ಆಗುತ್ತದೆ.

ದೂರ ಅಂದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಾನು ಆ ಊರು ಬಿಟ್ಟು ಕೆಲವು ತಿಂಗಳಾಯಿತು. ಹೇಳೋಣ ಹೇಳೋಣ ಎಂದುಕೊಂಡು ಸುಮ್ಮನಾದೆ, ನೀನೂ ಕೇಳಲಿಲ್ಲ. ಹೊಸ ವಿಳಾಸ ಲಕೋಟೆಯ ಹಿಂದಿದೆ. ಬೆಳಗ್ಗೆ ಒಬ್ಬ ಕಣ್ಣಿನ ಡಾಕ್ಟರ ಬಳಿ ಟೋಕನ್ ಕೊಡುವ ಕೆಲಸ. ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಹೇರ್ ಸಲೂನಿನಲ್ಲಿ ಉಗುರಿನ ಕೆಲಸ. ಸಲೂನ್ ನನ್ನದಲ್ಲ, ನಾನು ಅಲ್ಲಿ ನೌಕರಳೂ ಅಲ್ಲ. ಅದರೊಳಗೆ ಒಂದು ಟೇಬಲ್ಲನ್ನು ಬಾಡಿಗೆಗೆ ಹಿಡಿದಿದ್ದೇನೆ. ಮನೆ ಬಾಡಿಗೆ ಕೇಳಿದ್ದೀಯ, ಅಂಗಡಿ ಬಾಡಿಗೆ ಕೇಳಿದ್ದೀಯ. ನಿಮ್ಮಮ್ಮ ಒಂದು ಟೇಬಲ್, ಎರಡು ಕುರ್ಚಿಯ ಜಾಗಕ್ಕೆ ಬಾಡಿಗೆದಾರಳು.

ಸಲೂನಿನ ಒಡತಿಯನ್ನು ಎಲ್ಲರೂ ಕತ್ತರಿ ಮೇಡಂ ಎನ್ನುತ್ತಾರೆ. ಮಾತೂ ಹಾಗೇ, ಉದ್ದ ಬೆಳೆಯಲು ಬಿಡುವುದಿಲ್ಲ. ನಾನು ಸೇರಿದ ದಿನ ಟೇಪ್ ಹಿಡಿದು ನೆಲ ಅಳೆದು, "ಇಲ್ಲಿಂದ ಇಲ್ಲೀವರೆಗೆ ನಿಮ್ದು. ಕುರ್ಚಿ ಹಿಂದಕ್ಕೆ ಎಳೆದ್ರೆ ಅದು ನಂದು" ಎಂದರು. ಹಾಗಾಗಿ ನಾನು ಆಕಳಿಸುವಾಗಲೂ ಮುಂದಕ್ಕೆ ಬಾಗಿ ಆಕಳಿಸುತ್ತೇನೆ. ಟೇಬಲ್ ಕಿಟಕಿ ಪಕ್ಕದಲ್ಲಿದೆ, ಬೆಳಕು ಚೆನ್ನಾಗಿದೆ. ಉಗುರು ಉಜ್ಜುವ ಅರಗಳು, ಗಿರಾಕಿಗಳ ಕೈ ಊರುವ ಪುಟ್ಟ ದಿಂಬು, ಬಣ್ಣ ಒಣಗಿಸುವ ದೀಪದ ಡಬ್ಬಿ, ಬಣ್ಣದ ಬಾಟಲಿಗಳು, ಎಲ್ಲವೂ ಕೂತಲ್ಲಿಂದಲೇ ಕೈಗೆ ಸಿಗುತ್ತವೆ. ಅರ ಉಜ್ಜಿದ ಪುಡಿ ಮೂಗಿಗೆ ಹೋಗದಿರಲೆಂದು ಮಾಸ್ಕ್ ಹಾಕಿಕೊಳ್ಳುತ್ತೇನೆ. ಇಲ್ಲಿನವರಿಗೆ ನನ್ನ ಕಣ್ಣು ಮಾತ್ರ ಪರಿಚಯ.

ತೊಂದರೆ ಎಂದರೆ ಕೂದಲು. ನಾನು ಬಣ್ಣದ ಕೊನೆಯ ಕೋಟ್ ಹಾಕುವ ಹೊತ್ತಿಗೆ ಸರಿಯಾಗಿ ಅತ್ತ ಡ್ರೈಯರ್ ಶುರುವಾಗುತ್ತದೆ. ಯಾರದೋ ತಲೆಯ ತುಂಡುಕೂದಲು ಹಾರಿ ಬಂದು ಇನ್ಯಾರದೋ ಹಸಿ ಉಗುರಿನ ಮೇಲೆ ಕೂರುತ್ತದೆ. ಇದಕ್ಕೆ ಜಗಳವೂ ಆಯಿತು. ಕೊನೆಗೆ ಕತ್ತರಿ ಮೇಡಂ, "ಕೋಟ್ ಹಾಕುವಾಗ ಕೈ ಎತ್ತಿ, ನಾನು ಡ್ರೈಯರ್ ಆರಿಸ್ತೀನಿ" ಎಂದು ರಾಜಿಗೆ ಬಂದರು. ಈಗ ಈ ವಯಸ್ಸಿನಲ್ಲಿ ಸ್ಕೂಲು ಹುಡುಗಿಯ ಹಾಗೆ ಕೈ ಎತ್ತಿ ಕೂರುತ್ತೇನೆ.

ಇಲ್ಲಿ ನನಗೆ ಹೆಸರಿಲ್ಲ. "ಟೇಬಲ್ ಇದ್ದಾರಾ?" ಎಂದು ಗಿರಾಕಿಗಳು ಫೋನ್ ಮಾಡುತ್ತಾರೆ. "ಟೇಬಲ್ ಮಧ್ಯಾಹ್ನದ ಮೇಲೆ ಸಿಗ್ತಾರೆ" ಎಂದು ಸಲೂನಿನವರು ಉತ್ತರ ಕೊಡುತ್ತಾರೆ. ನನಗೆ ಕೆಮ್ಮು ಬಂದು ರಜೆ ಹಾಕಿದ್ದಾಗ "ಟೇಬಲ್‌ಗೆ ಹುಷಾರಿಲ್ಲ" ಎಂದು ಕತ್ತರಿ ಮೇಡಂ ಹೇಳಿದ್ದಕ್ಕೆ, ಒಬ್ಬರು "ಕಾಲು ಮುರೀತಾ?" ಎಂದರಂತೆ. ಈ ಜೋಕನ್ನು ಇಡೀ ಸಲೂನ್ ಇನ್ನೂ ಬಿಟ್ಟಿಲ್ಲ. ನನಗೇನೂ ಬೇಸರವಿಲ್ಲ, ಕರೆದರೆ ತಿರುಗಿ ನೋಡಲು ಏನೋ ಒಂದು ಇದ್ದರಾಯಿತು.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಕೈ ಕೊಟ್ಟವರು ಮಾತನ್ನೂ ಕೊಡುತ್ತಾರೆ. ತಲೆ ಕೊಟ್ಟವರು ಕನ್ನಡಿ ನೋಡಿಕೊಂಡು ಕೂರುತ್ತಾರೆ. ನನ್ನ ಎದುರು ಕನ್ನಡಿಯಿಲ್ಲ, ನಾನೇ ಇರುವುದು. ಅದರ ಮೇಲೆ ಬಣ್ಣ ಒಣಗುವವರೆಗೆ ಗಿರಾಕಿಗೆ ಕೈಯೇ ಇಲ್ಲ. ಮೂಗು ತುರಿಸಿದರೆ ಟಿಶ್ಯೂ ಹಿಡಿದು ತುರಿಸುವವಳು ನಾನು. ಕಾಫಿ ಕುಡಿಯಲು ಸ್ಟ್ರಾ ಹಿಡಿಯುವವಳು ನಾನು. ಫೋನ್ ಬಂದರೆ ಎತ್ತಿ ಕಿವಿಗೆ ಇಡುವವಳೂ ನಾನೇ. ಗಂಡಂದಿರ ಬೈಗುಳ, ಬ್ಯಾಂಕಿನವರ ಕಾಟ, ಮಕ್ಕಳ ರಾಗ, ಎಲ್ಲ ನನ್ನ ಅಂಗೈ ದಾಟಿಯೇ ಅವರ ಕಿವಿಗೆ ಹೋಗುತ್ತದೆ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂಬಂತೆ ಕೂರುವುದು ಅಭ್ಯಾಸವಾಗಿಬಿಟ್ಟಿದೆ.

ಮೊನ್ನೆ ಹೊಸಬರೊಬ್ಬರು ಬಂದಿದ್ದರು. ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ಕಿಲಿಕಿಲಿ ನಗುವ ಹೆಂಗಸು, ಎರಡು ಗಲ್ಲದಲ್ಲೂ ಗುಳಿ. ಹಾಗಾಗಿ ಗುಳಿಗಲ್ಲದ ಮೇಡಂ ಎಂದು ನಾನೇ ಹೆಸರಿಟ್ಟೆ. ಮಗನ ಮದುವೆಯಂತೆ, ದೊಡ್ಡ ಹಾಲ್ ಹಿಡಿದಿದ್ದಾರಂತೆ. "ಕರೆದವರೂ ಬರ್ತಾರೆ, ಕರೆಯದವರೂ ಬರ್ತಾರೆ, ನನ್ನ ಕೈ ಎಲ್ಲರಿಗೂ ಕಾಣ್ಬೇಕು" ಎಂದರು. ದೀಪದಲ್ಲಿಟ್ಟು ಒಣಗಿಸುವ ಬಣ್ಣ ಹಾಕುತ್ತೇನೆಂದರೆ, "ಆ ಡಬ್ಬಿಯೊಳಗೆ ಕೈ ಹಾಕೋಕೆ ಭಯಾರೀ, ಮಾಮೂಲಿದೇ ಹಚ್ಚಿ" ಎಂದು ಕೈ ಹಿಂದಕ್ಕೆಳೆದುಕೊಂಡರು. ಈಗ ಒಮ್ಮೆ ಹಚ್ಚಿ ಬಣ್ಣ ನೋಡಿಕೊಂಡು, ಮದುವೆಗೆ ಮತ್ತೆ ಬರುವುದೆಂದು ಅವರ ಲೆಕ್ಕ.

ಕೈ ಹಿಡಿದರೆ ಮನುಷ್ಯರು ಸ್ವಲ್ಪ ತಿಳಿಯುತ್ತಾರೆ. ಕೆಲವರು ಬೆರಳನ್ನು ಬಿಗಿಹಿಡಿದು ನಮ್ಮ ಜೊತೆ ಕುಸ್ತಿಗೆ ಬೀಳುತ್ತಾರೆ. ಕೆಲವರು ಕೈಯನ್ನು ಟೇಬಲ್ ಮೇಲೆ ಬಿಸಾಕಿ ಟಿವಿ ನೋಡುತ್ತಾರೆ. ನಾನು ಅರ ಉಜ್ಜುವಾಗ ಈಕೆ ನನ್ನ ಮಣಿಕಟ್ಟು ನೋಡಿ, "ನಿಮ್ಗೆ ನೋವಾಗಲ್ವಾ? ಒಂದ್ನಿಮಿಷ ಬಿಟ್ಟು ಮಾಡಿ" ಎಂದರು. ಬರುವ ಸೊಸೆಯನ್ನು ಮಾತುಮಾತಿಗೂ ಹೊಗಳಿದರು. ಒಂದೇ ದೂರು: "ಉಗುರು ಕಚ್ಕೊಳ್ತಾಳೆ ಕಣ್ರೀ, ಎಷ್ಟು ಹೇಳಿದ್ರೂ ಕೇಳಲ್ಲ." ಮಗಳು ಇಂಥ ಅತ್ತೆಯ ಕೈಗೆ ಬಿದ್ದರೆ ತಾಯಿಗೆ ಚಿಂತೆಯಿಲ್ಲ ಎಂದುಕೊಂಡೆ. ಈಗಲೂ ಅದನ್ನೇ ಅಂದುಕೊಂಡಿದ್ದೇನೆ.

ಅತ್ತ ಕತ್ತರಿ ಮೇಡಂ ಕಣ್ಣು ಬಿಡುತ್ತಿದ್ದಾರೆ. ಗಿರಾಕಿಯಿಲ್ಲದಾಗಲೂ ಟೇಬಲ್ ಏನೋ ಗೀಚುತ್ತಿದೆಯಲ್ಲ ಎಂದು ಅವರಿಗೆ ಕುತೂಹಲ. ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮದುವೆಯ ಓಡಾಟದಲ್ಲಿ ನಿದ್ದೆಗೆಡಬೇಡ. ಹುಡುಗನಿಗೆ ನನ್ನ ಆಶೀರ್ವಾದ ಹೇಳು ಎಂದು ಬರೆಯುವವಳಿದ್ದೆ. ಬೇಡ, ನಿನಗೆ ಹೇಳಿದರೆ ಅವನಿಗೂ ಸೇರುತ್ತದೆ. ಇಬ್ಬರೂ ತಣ್ಣಗಿರಿ. ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಯಾಗಿ ಬಹಳ ಕಾಲ ಬಾಳಿ.

ಇಂತಿ,
ನಿನ್ನ ಅಮ್ಮ

ತಾ. ಕ.: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಕಾಗದ ಬರೆಯಲು ಕೂತದ್ದೇ ಈ ವಿಷಯಕ್ಕೆ, ಅದನ್ನೇ ಬಿಟ್ಟಿದ್ದೆ.

ಗುಳಿಗಲ್ಲದ ಮೇಡಂ ಅವರ ಹತ್ತೂ ಬೆರಳು ಹಸಿಯಿರುವಾಗ ಅವರಿಗೊಂದು ಫೋನ್ ಬಂತು. "ಸ್ವಲ್ಪ ಎತ್ತಿ ಸ್ಪೀಕರಿಗೆ ಹಾಕ್ತೀರಾ?" ಎಂದರು. ಎತ್ತಿಕೊಂಡೆ. ಪರದೆಯ ಮೇಲೆ ನಿನ್ನ ಫೋಟೋ ಇತ್ತು. ನನ್ನ ಹತ್ತಿರ ಇರುವುದಕ್ಕಿಂತ ಚೆನ್ನಾಗಿದೆ, ನಗುತ್ತಿದ್ದೀಯ. ಒತ್ತಿದೆ.

"ಅಮ್ಮಾ, ಊಟ ಆಯ್ತಾ?" ಎಂದೆ ನೀನು.

"ಆಯ್ತು ಕಣೇ" ಎಂದುಬಿಟ್ಟೆ ನಾನು. ಬೇಕೆಂದು ಅಂದದ್ದಲ್ಲ. ನಿನ್ನ ದನಿಯಲ್ಲಿ ಆ ಮಾತು ಬಂದರೆ ಉತ್ತರ ಕೊಟ್ಟೇ ನನಗೆ ರೂಢಿ.

"ಯಾರಮ್ಮಾ ಅದು?" ಎಂದು ನೀನು ಕೇಳಿದೆ. ಅವರು ನಕ್ಕು, "ಯಾರೂ ಇಲ್ಲ ಪುಟ್ಟಾ, ಉಗುರು ಮಾಡೋರು. ತಮಾಷೆ ಮಾಡ್ತಾರೆ" ಎಂದರು. ನೀನು ಫೋನ್ ಮಾಡಿದ್ದು ಯಾಕೆಂದೂ ಹೇಳದೆ, "ಆಮೇಲೆ ಮಾಡ್ತೀನಿ" ಎಂದು ಇಟ್ಟೆ. ಬರಬೇಡ ಎಂಬ ನಿನ್ನ ಮೆಸೇಜ್ ಬಂದದ್ದು ಅದೇ ಸಂಜೆ. ನನ್ನ ದನಿಯ ಗುರುತು ಸಿಕ್ಕಿತೋ ಇಲ್ಲವೋ ನಾನು ಕೇಳುವುದಿಲ್ಲ.

ಫೋನ್ ಇಟ್ಟ ಮೇಲೆ ಅವರೇ ಹೇಳಿದರು: "ನಮ್ಮ ಸೊಸೆ ಆಗೋಳು. ಪಾಪ, ತಾಯಿ ತೀರ್ಕೊಂಡಿದ್ದಾರೆ. ಅದಕ್ಕೇ ನನ್ನೇ ಅಮ್ಮ ಅಂತಾಳೆ." ಏನಾಗಿತ್ತಂತೆ ಎಂದು ಕೇಳಿದೆ. ನನಗೂ ತಿಳಿದುಕೊಳ್ಳಬೇಕಿತ್ತು. ಹಾರ್ಟ್ ಅಟ್ಯಾಕಂತೆ, ನಿದ್ದೆಯಲ್ಲೇ ಜೀವ ಹೋಯಿತಂತೆ. ನರಳಿಸದೆ ಕಳಿಸಿದ್ದೀಯ, ಅಷ್ಟರ ಮಟ್ಟಿಗೆ ನೀನು ಒಳ್ಳೆಯವಳು. ಗಂಡನನ್ನು ಬಿಟ್ಟು ಬಂದ ತಾಯಿ ಎಂದರೆ ನೂರು ಪ್ರಶ್ನೆ ಬರುತ್ತವೆ. ಸತ್ತ ತಾಯಿಗೆ ಪಾಪ ಅನ್ನುತ್ತಾರೆ, ಮುಗಿಯಿತು. ನಿನ್ನ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ನೋವಾಯಿತು ಪುಟ್ಟಿ, ಬಹಳ ನೋವಾಯಿತು. ಬಲಗೈ ಕಿರುಬೆರಳಿನ ಬಣ್ಣ ಅಂಚು ದಾಟಿ ಹೋಯಿತು, ಒರೆಸಿ ಮತ್ತೆ ಹಚ್ಚಿದೆ.

ಈಗ ಮುಖ್ಯವಾದದ್ದು. ಮದುವೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಅವರು ನನ್ನ ಟೇಬಲ್ ಕಾದಿರಿಸಿದ್ದಾರೆ. ಜೊತೆಗೆ ನಿನ್ನನ್ನೂ ಕರೆತರುತ್ತಾರಂತೆ. ಎಲ್ಲಿಗೆಂದು ನಿನಗೆ ಹೇಳುವುದಿಲ್ಲವಂತೆ, ಸರ್‌ಪ್ರೈಸ್ ಅಂತೆ. ನೀನು ಬಾಗಿಲಲ್ಲಿ ನನ್ನನ್ನು ಕಂಡು ಬೆಚ್ಚಿಬೀಳಬಾರದಲ್ಲ, ಅದಕ್ಕೇ ಈ ಕಾಗದ. ಬರಲು ಮನಸ್ಸಿಲ್ಲದಿದ್ದರೆ ಬಣ್ಣದ ವಾಸನೆ ಆಗಿಬರುವುದಿಲ್ಲ ಎಂದು ಹೇಳು, ನಂಬುತ್ತಾರೆ. ನಾನೇ ಆ ದಿನ ರಜೆ ಹಾಕೋಣ ಎಂದೂ ಯೋಚಿಸಿದೆ. ಆದರೆ ನಿನ್ನ ಎಡಗೈ ಹೆಬ್ಬೆರಳಿನ ಉಗುರು ಚಿಕ್ಕಂದಿನಿಂದ ಕಚ್ಚಿ ಕಚ್ಚಿ ಒಂದು ಮೂಲೆ ಒಳಗೆ ಹೋಗಿದೆ. ಗೊತ್ತಿಲ್ಲದವರ ಕೈಗೆ ಸಿಕ್ಕರೆ ರಕ್ತ ಬರಿಸುತ್ತಾರೆ. ಮತ್ತೆ, ನಿನ್ನ ಕೈ ಹಿಡಿದು ಸ್ವಲ್ಪ ಹೊತ್ತು ಕೂರಬೇಕೆಂಬ ಆಸೆ ನನಗಿದೆ.

ಬಂದರೆ ಹೆದರಬೇಡ. ನಾನು ಮಾಸ್ಕ್ ಹಾಕಿರುತ್ತೇನೆ. ಒಂದು ಮಾತೂ ಆಡುವುದಿಲ್ಲ. ಏನಾದರೂ ಬೇಕಿದ್ದರೆ ಮೇಡಂ ಎನ್ನು, ಟೇಬಲ್ ಎನ್ನು. "ಅಮ್ಮಾ" ಎಂದು ಮಾತ್ರ ಕರೆಯಬೇಡ, ಇಬ್ಬರೂ ತಿರುಗಿಬಿಡುತ್ತೇವೆ.