ಎಂಜಿನ್ನಿಗೊಂದು ಅಡ್ಡಗೋಡೆ

ಕೃಷ್ಣಗಿರಿ, 1946

ಮಿಲ್ಲಿನ ಯಜಮಾನರಿಗೆ, ಎಂಜಿನ್ ನೋಡಿಕೊಳ್ಳುವ ಪಾಪಣ್ಣ ಮಾಡುವ ನಮಸ್ಕಾರಗಳು.

ಕಡಲೇಕಾಯಿ ಸುಲಿಯುವ ಯಂತ್ರದ ಬಳಿ ನಿನ್ನೆ ಮೂಟೆಗಳು ಉರುಳಿ ಗೋವಿಂದಮ್ಮನ ಕಾಲು ಮುರಿಯಿತು. ನಾನು ಹಿಂದಿನಿಂದ ಕೂಗಿದರೂ ಆಕೆ ತಿರುಗಲಿಲ್ಲ. ಆಸ್ಪತ್ರೆಯಲ್ಲಿ, "ನಂಗೆ ಕಿವಿ ಕೇಳಾಕಿಲ್ಲಣ್ಣ. ಹೇಳಿದ್ರೆ ಕೆಲ್ಸ ಹೋಗ್ತದೆ ಅಂತ ಸುಮ್ಕಿದ್ದೆ" ಅಂದಳು.

ಇಂದು ಎಂಜಿನ್ ಹೊತ್ತಿಸುವ ಮೊದಲು, ಉಳಿದ ಹೆಂಗಸರ ಬೆನ್ನ ಹಿಂದೆ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ಮೂವರು ತಿರುಗಲಿಲ್ಲ. ಅವರಲ್ಲಿ ನನ್ನ ಹೆಂಡತಿ ಕದಿರಮ್ಮನೂ ಒಬ್ಬಳು. ಮನೆಯಲ್ಲಿ ಅವಳು ಓಗೊಡದಿದ್ದಾಗ ಮುನಿಸೆಂದುಕೊಂಡಿದ್ದೆ.

ದಿನವಿಡೀ ಎಂಜಿನ್ನಿನ ಸದ್ದು ಬಡಿದು ಇವರ ಕಿವಿ ಹೋಗಿದೆ. ಸದ್ದು ತಡೆಯಲು ಎಂಜಿನ್ನಿಗೆ ಅಡ್ಡವಾಗಿ ಒಂದು ಗೋಡೆ ಕಟ್ಟಿಸಿಕೊಡಿ. ಮಣ್ಣು ನಾವೇ ಹೊರುತ್ತೇವೆ. ಕಿವಿ ಹೋದವರನ್ನು ಕೆಲಸದಿಂದ ಬಿಡಿಸಬೇಡಿ. ಗೋಡೆ ಏಳುವವರೆಗೆ ನಾನು ಎಂಜಿನ್ ಹೊತ್ತಿಸಲಾರೆ.

ನಿಮ್ಮ ಕೆಲಸಗಾರ,
ಪಾಪಣ್ಣ